ನೇರಲಕೊಪ್ಪದ ನೂರಕ್ಕೆ ನೂರು

ನೇರಲಕೊಪ್ಪದ ಮಿಡ್ಲ್ ಸ್ಕೂಲಿಗೆ ಯಾರೇ ದೊಡ್ಡವರು ಬಂದರೂ ಹೆಡ್ಮಾಸ್ಟರ್ ಪರಮಶಿವಪ್ಪನವರು ಅವರನ್ನು ಆಫೀಸಿನ ಒಂದು ಗೋಡೆಗೆ ಮುಖಮಾಡಿಯೇ ಕೂರಿಸುತ್ತಿದ್ದರು. ಗೋಡೆಯ ಮೇಲೊಂದು ಕರಿ ಹಲಗೆ, ಹಲಗೆಯ ಮೇಲೆ ಬಿಳಿ ಪೇಂಟಿನಲ್ಲಿ ಇಸವಿಗಳು, ಇಸವಿಯ ಎದುರು ಎಲ್ಲೆಸ್ ಪರೀಕ್ಷೆಯ ಫಲಿತಾಂಶ. ೧೯೫೪, ನೂರಕ್ಕೆ ನೂರು. ೧೯೫೫, ನೂರಕ್ಕೆ ನೂರು. ಐವತ್ತಾರು, ಐವತ್ತೇಳು, ಅವೂ ಹಾಗೆಯೇ. ಬಂದವರು ಕಾಫಿ ಕುಡಿಯುತ್ತಾ ಹಲಗೆ ನೋಡಿ "ಭೇಷ್" ಅನ್ನಬೇಕು, ಹೆಡ್ಮಾಸ್ಟರು ತಲೆ ತಗ್ಗಿಸಿ "ಎಲ್ಲಾ ಮಕ್ಕಳ ಶ್ರಮ" ಅನ್ನಬೇಕು. ಆ ತಲೆ ತಗ್ಗಿಸುವ ಚಂದ ನೋಡಿದಾಗಲೆಲ್ಲ ಸಹಾಯಕ ಮೇಷ್ಟ್ರು ಮಾಸ್ತಪ್ಪನಿಗೆ ಮೈ ಉರಿಯುತ್ತಿತ್ತು.

ಎಲ್ಲೆಸ್ ಎಂದರೆ ಎಂಟನೇ ಕ್ಲಾಸಿನ ಕೊನೆಗೆ ಸರ್ಕಾರ ನಡೆಸುವ ಲೋಯರ್ ಸೆಕೆಂಡರಿ ಪರೀಕ್ಷೆ. ಅದು ಪಾಸಾದರೆ ಹೈಸ್ಕೂಲು, ಇಲ್ಲವೇ ಮೇಷ್ಟ್ರ ಟ್ರೈನಿಂಗು, ಏನಿಲ್ಲವೆಂದರೂ ಯಾವುದಾದರೂ ಕಚೇರಿಯ ಬಾಗಿಲಲ್ಲಿ ಒಂದು ಸ್ಟೂಲು. ಪಾಸಾಗದಿದ್ದರೆ ಎತ್ತಿನ ಹಿಂದೆ ಹೋಗುವುದು. ಹದಿನಾಲ್ಕು ಹದಿನೈದು ವರ್ಷದ ಮಕ್ಕಳ ಬಾಳನ್ನು ನಾಲ್ಕೇ ದಿನದಲ್ಲಿ ಇತ್ಯರ್ಥ ಮಾಡಿಬಿಡುವ ಆ ಪರೀಕ್ಷೆಯಲ್ಲಿ ಸೊರಬ ತಾಲ್ಲೂಕಿನ ಎಷ್ಟೋ ಶಾಲೆಗಳು ನಲವತ್ತು, ಐವತ್ತು ಎಂದು ಏದುಸಿರು ಬಿಡುತ್ತಿದ್ದವು. ನೇರಲಕೊಪ್ಪಕ್ಕೆ ಮಾತ್ರ ನೂರು. ಅದು ಹೇಗೆ ಎಂದು ಒಬ್ಬ ಇನ್‌ಸ್ಪೆಕ್ಟರೂ ಕೇಳಲಿಲ್ಲ. ಕೇಳಿದ್ದರೂ ಮಾಸ್ತಪ್ಪ ಬಾಯಿ ಬಿಡುತ್ತಿರಲಿಲ್ಲ, ಆ ಮಾತು ಬೇರೆ.

ನೂರು ಬರುತ್ತಿದ್ದುದು ಪಾಠದಿಂದಲ್ಲ, ಕಾಗದದಿಂದ. ಸಂಕ್ರಾಂತಿ ಕಳೆದ ಮೇಲೆ ಶಾಲೆಯಲ್ಲೇ ಒಂದು ಪರೀಕ್ಷೆ ನಡೆಯುತ್ತಿತ್ತು. ಅದರಲ್ಲಿ ಹಿಂದೆ ಬಿದ್ದವರ ಹೆಸರನ್ನು ಹೆಡ್ಮಾಸ್ಟರು ಕೆಂಪು ಮಸಿಯಲ್ಲಿ ಬರೆದಿಡುವರು. ಜನವರಿ ಮೂವತ್ತೊಂದರಂದು ಹಾಜರಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೆಲ್ಲರ ಅರ್ಜಿಯನ್ನೂ ಕಳಿಸಲೇಬೇಕು ಎಂಬುದು ಇಲಾಖೆಯ ಕಾಯಿದೆ. ಆದ್ದರಿಂದ ಕೆಂಪು ಮಸಿಯವರ ಹೆಸರು ಅಷ್ಟರೊಳಗೆ ಪುಸ್ತಕದಿಂದ ಹೋಗಬೇಕು. ಹೋಗಬೇಕಾದರೆ ಮನೆಯವರೇ ಮಗುವನ್ನು ಶಾಲೆ ಬಿಡಿಸುತ್ತೇವೆ, ಟಿ.ಸಿ. ಕೊಡಿ ಎಂದು ಬರೆದುಕೊಡಬೇಕು. ಹಾಗೆ ಕೇಳಿಕೊಳ್ಳುವ ಕಾಗದ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಸುತ್ತಲಿನ ಕೇರಿಗಳಲ್ಲಿ ಇಂಗ್ಲಿಷ್ ಹಾಗಿರಲಿ, ಕನ್ನಡದಲ್ಲಿ ಸಹಿ ಹಾಕುವ ಅಪ್ಪಂದಿರೇ ಅಪರೂಪ. ಹೆಡ್ಮಾಸ್ಟರು ಈ ಕೆಲಸಕ್ಕೆ ಇಟ್ಟ ಹೆಸರು ಕಳೆ ಕೀಳುವುದು.

ಕೀಳುವ ಕೈ ಮಾಸ್ತಪ್ಪನದು. ಅವನು ಆ ಸುತ್ತಿನವನೇ, ಗದ್ದೆ ಕೆಲಸದವರ ಮನೆಯಲ್ಲಿ ಹುಟ್ಟಿ ಮೇಷ್ಟ್ರಾದವನು. ಅವನು ಬಂದರೆ ಜನ ಚಾಪೆ ಹಾಸುತ್ತಿದ್ದರು, ಒತ್ತು ಅಂದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲೇ ಹೋಗಿ ಬಾ ಎಂದು ಹೆಡ್ಮಾಸ್ಟರು ಹೇಳುವರು, ಅವನು ಇಂಕ್ ಪ್ಯಾಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಡುವನು. ಅವನದು ಹಂಗಾಮಿ ಕೆಲಸ. ಶಿವಮೊಗ್ಗದ ಟ್ರೈನಿಂಗಿಗೆ ಹೆಸರು ಹೋದರೆ ಕಾಯಂ ಆಗುತ್ತಿತ್ತು, ಹೆಸರು ಹೋಗಬೇಕಾದರೆ ಹೆಡ್ಮಾಸ್ಟರು ಬರೆಯಬೇಕಿತ್ತು. ಮೂರು ವರ್ಷದಿಂದ "ಬರೀತೀನಿ" ಅನ್ನುತ್ತಲೇ ಇದ್ದರು. ಅವನೂ ಮೂರು ವರ್ಷದಿಂದ ಒತ್ತಿಸಿಕೊಂಡು ಬರುತ್ತಲೇ ಇದ್ದ.

ಐವತ್ತೆಂಟರ ಜನವರಿಯಲ್ಲಿ ಎಂಟನೇ ಕ್ಲಾಸಿನಲ್ಲಿ ಹದಿನೆಂಟು ಮಕ್ಕಳು. ಕೆಂಪು ಮಸಿಯಲ್ಲಿ ನಾಲ್ಕು ಹೆಸರು ಬಂದವು, ಮೂವರು ಹುಡುಗರು, ಒಬ್ಬಳು ಹುಡುಗಿ. ಹುಡುಗಿ ಬಂಗಾರಮ್ಮ, ಕ್ಲಾಸಿಗೆಲ್ಲ ಇದ್ದವಳು ಅವಳೊಬ್ಬಳೇ. ಕನ್ನಡದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಗಣಿತದಲ್ಲಿ ಮಾತ್ರ ಹತ್ತೊಂಬತ್ತು. ಸುಗ್ಗಿಯಲ್ಲಿ ತಿಂಗಳೊಪ್ಪತ್ತು ಶಾಲೆ ತಪ್ಪಿಸಿ ಗದ್ದೆಯಲ್ಲಿದ್ದಳು, ಅಷ್ಟರಲ್ಲಿ ಬಡ್ಡಿ ಲೆಕ್ಕ ಪೂರಾ ಮುಗಿದುಹೋಗಿತ್ತು. ಅವಳ ಮನೆಯ ಮಾತು ಮಾಸ್ತಪ್ಪನಿಗೆ ಗೊತ್ತಿತ್ತು. ಚಂದ್ರಗುತ್ತಿ ಕಡೆಯಿಂದ ಗಂಡು ನೋಡಿಯಾಗಿದೆ. ಈ ವರ್ಷ ಎಲ್ಲೆಸ್ ಪಾಸಾದರೆ ಮೇಷ್ಟ್ರ ಟ್ರೈನಿಂಗಿಗೆ ಹೋಗಲಿ, ಇಲ್ಲದಿದ್ದರೆ ವೈಶಾಖದಲ್ಲಿ ಮದುವೆ ಎಂದು ಅಪ್ಪ ಗುತ್ಯಪ್ಪ ಕಡ್ಡಿ ತುಂಡುಮಾಡಿದಂತೆ ಹೇಳಿದ್ದಾನೆ. ಆ ಹುಡುಗಿಗೆ ಮುಂದಿನ ವರ್ಷ ಎಂಬುದು ಇರಲಿಲ್ಲ.

ಮೂವರು ಹುಡುಗರ ಮನೆಯದು ಬೇಗ ಮುಗಿಯಿತು. ಕೊನೆಯದು ಬಂಗಾರಮ್ಮನ ಮನೆ. ತಾಯಿ ಹುಲಿಯಮ್ಮ ಅಂಗಳದಲ್ಲಿ ಭತ್ತ ತೂರುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಮಗಳನ್ನು ಈ ಶಾಲೆಗೆ ತಂದು ಸೇರಿಸಿದವಳು ಅವಳೇ. ಗುತ್ಯಪ್ಪ ಅಂದು ನಾಟಿ ಬಿಟ್ಟು ಬರಲಿಲ್ಲ. ಹಾಗಾಗಿ ಅಡ್ಮಿಷನ್ ಪುಸ್ತಕದಲ್ಲಿ ಪೋಷಕರ ಜಾಗಕ್ಕೆ ಬಿದ್ದದ್ದು ಅವಳ ಹೆಬ್ಬೆಟ್ಟು, ಈ ಕಾಗದಕ್ಕೂ ಅವಳದೇ ಬೇಕಿತ್ತು.

"ಪರೀಕ್ಷೆ ಕಾಗ್ದ ಬಂತಾ ಮೇಷ್ಟ್ರೇ?" ಎಂದಳು ಹುಲಿಯಮ್ಮ, ಮೊರ ಕೆಳಗಿಟ್ಟು.

ಇಲ್ಲ ಎನ್ನಬಹುದಿತ್ತು. ಇದು ಬೇರೆ ಎನ್ನಬಹುದಿತ್ತು. "ಹೂಂ ಹುಲಿಯಕ್ಕ, ಪರೀಕ್ಷೆದೇ" ಎಂದ ಮಾಸ್ತಪ್ಪ.

ಅವಳು ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದಳು. ಸೆರಗಿನಲ್ಲಿ ಕೈ ಒರೆಸಿ, ಹೆಬ್ಬೆಟ್ಟನ್ನು ಮತ್ತೊಂದು ಸಲ ಒರೆಸಿ, ಒತ್ತಿದಳು. ಮಸಿ ಆರುವವರೆಗೆ ಊದಿದಳು. ಆಮೇಲೆ ಆ ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡು ಅವನಿಗೆ ಕೊಟ್ಟಳು. "ನಮ್ ಬಂಗಾರಿ ನಿಮ್ ಹಂಗೆ ಮೇಷ್ಟ್ರಾಗ್ಲಿ ಅಂತ ಗುತ್ಯಮ್ಮ ದೇವ್ರಿಗೆ ಹರಸ್ಕಂಡೀನಿ" ಎಂದಳು. ಹೋಗುವಾಗ ಒಂದು ಸೇರಿನಷ್ಟು ಅವಲಕ್ಕಿಯನ್ನೂ ಕಟ್ಟಿಕೊಟ್ಟಳು.

ದಾರಿಯಲ್ಲಿ ಮಾಸ್ತಪ್ಪನಿಗೆ ಆ ಅವಲಕ್ಕಿ ಗಂಟು ಹೊರಲಾಗಲಿಲ್ಲ. ನಾಚಿಕೆಯಾಯಿತು, ಸಿಟ್ಟೂ ಬಂತು. ಎಲ್ಲೆಸ್ಸಿನಲ್ಲಿ ಅವನೇ ಎರಡು ಸಲ ಫೇಲಾಗಿದ್ದ, ಅದೂ ಗಣಿತದಲ್ಲೇ. ಮೂರನೇ ಸಲ ಪಾಸಾದ. ಅವನ ಕಾಲದ ಹೆಡ್ಮಾಸ್ಟರು ಬಯ್ದರು, ಹೊಡೆದರು, ಆದರೆ ಪರೀಕ್ಷೆಗೆ ಕಳಿಸಿದರು. ಆಗ ಪರಮಶಿವಪ್ಪನವರು ಇದ್ದಿದ್ದರೆ ತಾನೂ ಒಂದು ಕಳೆ, ಇಷ್ಟೊತ್ತಿಗೆ ಯಾರದೋ ಗದ್ದೆಯ ಬದುವಿನ ಮೇಲಿರುತ್ತಿದ್ದೆ. ಇದು ಮೂರು ವರ್ಷದಿಂದ ಗೊತ್ತಿದ್ದ ಸಂಗತಿಯೇ. ಹಿಂದಿನ ಹುಡುಗರ ಅಮ್ಮಂದಿರು ಯಾರೂ ಕಾಗದವನ್ನು ಕಣ್ಣಿಗೆ ಒತ್ತಿಕೊಂಡಿರಲಿಲ್ಲ, ಅದಕ್ಕೇ ಅವನು ಆರಾಮಾಗಿದ್ದ. ಕೆರೆ ಏರಿಯ ಮೇಲೆ ನಿಂತು ಹುಲಿಯಮ್ಮನ ಕಾಗದವನ್ನು ಚೂರುಚೂರು ಹರಿದು ನೀರಿಗೆ ಹಾಕಿದ.

ಆಫೀಸಿನಲ್ಲಿ ಹೆಡ್ಮಾಸ್ಟರು ಮೂರು ಕಾಗದ ಎಣಿಸಿ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರು. "ಇನ್ನೊಂದು?"

"ಹರಿದು ಹಾಕ್ದೆ ಸಾರ್."

ಪರಮಶಿವಪ್ಪನವರು ಕನ್ನಡಕ ತೆಗೆದರು. ಅವರು ಶಿಕಾರಿಪುರದವರು. ಹೆಂಡತಿ ರಾಜೇಶ್ವರಮ್ಮ, ಮಕ್ಕಳು ಎಲ್ಲ ಅಲ್ಲೇ. ಐದು ವರ್ಷದಿಂದ ಇಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ತಾವೇ ಅನ್ನ ಬೇಯಿಸಿಕೊಂಡು ಬಿದ್ದಿದ್ದರು. ಐದು ವರ್ಷ ಸತತ ನೂರು ಬಂದರೆ ಶಿಕಾರಿಪುರಕ್ಕೆ ವರ್ಗ ಮಾಡಿಸುತ್ತೇನೆ ಎಂದು ಹಿಂದಿನ ಇನ್‌ಸ್ಪೆಕ್ಟರು ಕಾಫಿ ಕುಡಿಯುತ್ತಾ ಅಂದಿದ್ದರಂತೆ. ಕಾಫಿ ಕುಡಿದವರು ಮರೆತಿದ್ದರು, ಇವರು ಮರೆತಿರಲಿಲ್ಲ. ಅವರು ಕೆಟ್ಟ ಮೇಷ್ಟ್ರೇನಲ್ಲ. ಪಾಠ ಮಾಡಿದರೆ ಕೇಳಬೇಕು, ಅಂಥ ಪಾಠ. ಅದನ್ನು ಒಪ್ಪಬೇಕಾಗಿ ಬಂದಾಗ ಮಾಸ್ತಪ್ಪನಿಗೆ ಅವರ ಮೇಲೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

"ಹರಿದು ಹಾಕ್ದಿ? ಏನು ಕಾರಣ?"

"ಆ ಹುಡ್ಗಿ ಬರೀಲಿ ಸಾರ್. ಇನ್ನೂ ಎರಡು ತಿಂಗ್ಳು ಐತೆ. ನಾನು ಗಣಿತ ಹೇಳ್ಕೊಡ್ತೀನಿ."

"ಹತ್ತೊಂಬತ್ತು ತೊಗೊಂಡೋಳಿಗೆ ಎರಡು ತಿಂಗ್ಳಾಗ ನೀನು ಹೇಳ್ಕೊಡ್ತೀಯಾ? ಎರಡು ಸಲ ಫೇಲಾದೋನು?"

"ಹೌದು ಸಾರ್, ಎರಡು ಸಲ ಫೇಲಾದೋನು. ನನ್ನ ಯಾರೂ ಕಿತ್ತಾಕಲಿಲ್ಲ. ಅದ್ಕೇ ನಿಮ್ ಎದುರು ನಿಂತೀನಿ."

ಹೆಡ್ಮಾಸ್ಟರು ಎದ್ದು ಬಾಗಿಲು ಮುಂದೆ ಮಾಡಿದರು. ದನಿ ಎತ್ತರಿಸಲಿಲ್ಲ. "ನೋಡಪ್ಪಾ ಮಾಸ್ತಪ್ಪ. ನಮ್ಮಪ್ಪ ಮಂದಿ ಅಂಗಡಿಯಾಗೆ ಮೂಟೆ ಹೊರ್ತಿದ್ದ. ನನ್ನ ಹೈಸ್ಕೂಲಿಗೆ ಸೇರಿಸ್ಕೊಳ್ರಿ ಅಂತ ಅಲೆದಲೆದು ಅವನ ಚಪ್ಪಲಿ ಸವೆದ್ವು. ಎಲ್ಲೆಸ್ಸಿನಾಗೆ ತಾಲ್ಲೂಕಿಗೇ ಮೊದಲನೆಯವನಾಗಿ ಬಂದೆ ನೋಡು, ಅವರೇ ಕರೆದು ಸೇರಿಸ್ಕೊಂಡ್ರು. ಪರೀಕ್ಷೆ ನಿಮ್ಮಪ್ಪ ಯಾರು, ನಿಮ್ಮ ಜಾತಿ ಯಾವ್ದು ಅಂತ ಕೇಳಂಗಿಲ್ಲ. ಈ ದೇಶದಾಗೆ ಅದೊಂದೇ ಕೇಳಂಗಿಲ್ಲ. ಅದರ ಬೆಲೆ ನಿನಗೇನು ಗೊತ್ತೈತಿ?"

"ಪರೀಕ್ಷೆ ಕೇಳಲ್ಲ ಸಾರ್. ಅದರ ಬಾಗ್ಲಲ್ಲಿ ನಿಂತು ನೀವು ಕೇಳ್ತೀರಿ."

"ನಾನು ಮಾರ್ಕು ಕೇಳ್ತೀನಿ!"

"ಮಾರ್ಕು ಕೇಳಾಕೆ ಸರ್ಕಾರ ಐತಲ್ಲ. ನೀವೇ ಮೊದ್ಲು ಕೇಳಿ ಕಳಿಸಾದಾದ್ರೆ ಅಲ್ಲಿ ಪರೀಕ್ಷೆ ಎಂತಕ್ಕೆ?"

"ಫೇಲು ಅನ್ನೋ ಮುದ್ರೆ ಬಿದ್ದ ಮ್ಯಾಲೆ ಮಂದಿ ಏನು ಮಾಡ್ತಾರಂತ ನಾನು ಕಂಡೀನಿ. ನನ್ನ ಜೋಡಿ ಓದ್ತಿದ್ದ ಶೇಷಪ್ಪ ಅನ್ನೋನು ಬಾವಿಗೆ ಬಿದ್ದ. ಬೀಳೋದಕ್ಕಿಂತ ಮೊದಲೇ ತಪ್ಪಿಸ್ತೀನಿ. ಅದು ದಯೆ."

"ದಯೆ ಆದ್ರೆ ಕನ್ನಡದಲ್ಲಿ ಬರ್ಸಿ ಸಾರ್ ಆ ಕಾಗ್ದನ. ಅವ್ರಿಗೂ ಗೊತ್ತಾಗ್ಲಿ ನಿಮ್ ದಯೆ."

ಆಗ ಪರಮಶಿವಪ್ಪನವರ ಮುಖ ಕೆಂಪಾಯಿತು. ಅವರು ಮೇಜಿನ ಖಾನೆಯನ್ನು ಬೆರಳಿನಿಂದ ಕುಟ್ಟಿದರು. "ಈ ಮೂರು ತಂದುಕೊಟ್ಟೋನು ಯಾರು? ಇವರಿಗೆ ತಾಯಿ ಇಲ್ಲೇನು? ಹೋದ ವರ್ಷ ಐದು ತಂದಿ, ಅದರ ಹಿಂದಿನ ವರ್ಷ ನಾಲ್ಕು. ಅವರು ಯಾರ ಮಕ್ಕಳು? ನಿನಗೆ ಬೇಕಾದ ಮನೆ ಬಂದಾಗ ಎದ್ದು ಕೂತಿತೇನು ನಿನ್ನ ಧರ್ಮ?"

ಮಾಸ್ತಪ್ಪ ಖಾನೆಯ ಕಡೆ ಕೈ ಚಾಚಿದ. "ಆ ಮೂರೂ ಕೊಡಿ ಸಾರ್, ಹರೀತೀನಿ" ಎಂದ. ಹೆಡ್ಮಾಸ್ಟರು ಬೀಗದಕೈಯನ್ನು ಕೋಟಿನ ಒಳಜೇಬಿಗೆ ಇಳಿಸಿದರು. "ನಾಡಿದ್ದು ಮೂವತ್ತೊಂದು. ನಾಳೆ ಬೆಳಿಗ್ಗೆ ನಾನೇ ಆ ಮನಿಗೆ ಹೋಗ್ತೀನಿ. ನಿನ್ನ ಟ್ರೈನಿಂಗಿನ ಕಾಗದ ಇನ್ನ ಮರೆತುಬಿಡು" ಎಂದರು.

ಸಂಜೆಯೊಳಗೆ ಮಾಸ್ತಪ್ಪ ಮತ್ತೆ ಹುಲಿಯಮ್ಮನ ಅಂಗಳದಲ್ಲಿದ್ದ. ಗುತ್ಯಪ್ಪ ಕಣದಿಂದ ಬಂದಿರಲಿಲ್ಲ. ಬಂಗಾರಮ್ಮ ಒಲೆಯ ಮುಂದೆ ಕೂತಿದ್ದವಳು ಮೇಷ್ಟ್ರ ದನಿ ಕೇಳಿ ಬಾಗಿಲಿಗೆ ಬಂದಳು. ಅವನು ನಿಂತೇ ಹೇಳಿದ. ಅದು ಪರೀಕ್ಷೆಯ ಕಾಗದವಲ್ಲ, ಶಾಲೆ ಬಿಡಿಸುವ ಕಾಗದ. ತನಗೆ ಗೊತ್ತಿತ್ತು, ಗೊತ್ತಿದ್ದೂ ಸುಳ್ಳು ಹೇಳಿದೆ. ಈಗ ಹರಿದಾಗಿದೆ. ನಾಳೆ ಹೆಡ್ಮಾಸ್ಟರು ಬರುತ್ತಾರೆ, ಏನೇ ಹೇಳಿದರೂ ಒತ್ತಬೇಡ.

ಹುಲಿಯಮ್ಮನ ಮಾತಿನಲ್ಲಿ ಬಹುವಚನ ಹೋಗಿತ್ತು.

"ಕಣ್ಣಿಗೆ ಒತ್ಕಂಡ್ನಲ್ಲೋ. ನೀನ್ ನೋಡ್ತಾ ನಿಂತಿದ್ಯಲ್ಲೋ."

"ತಪ್ಪಾತು ಹುಲಿಯಕ್ಕ."

"ಬ್ಯಾರೆ ಯಾರಾರೂ ಬಂದಿದ್ರೆ ಎಂತದು ಕಾಗ್ದ ಅಂತ ಹತ್ತು ಜನನ್ನ ಕೇಳ್ತಿದ್ದೆ. ನೀನು ನಮ್ಮೋನು ಅಂತ ಕೇಳ್ಲಿಲ್ಲ. ನಮ್ಮೋನು ಅಂತ್ಲೇ ನಿನ್ನ ಕಳ್ಸಾದು ಅವ್ರು, ಅಲ್ದಾ? ಎಷ್ಟು ಮನೆಗೆ ಹೋದ್ಯೋ ಹಿಂಗೆ?"

ಅವನು ಲೆಕ್ಕ ಹೇಳಿದ. ಹನ್ನೆರಡು, ಇದು ಹದಿಮೂರು. ಹುಲಿಯಮ್ಮ ಅವನನ್ನು ಒಳಗೆ ಕರೆಯಲಿಲ್ಲ, ಕೂರು ಅನ್ನಲಿಲ್ಲ. ಬಾಗಿಲಲ್ಲಿದ್ದ ಬಂಗಾರಮ್ಮ ಮಾತ್ರ ಒಂದು ಪ್ರಶ್ನೆ ಕೇಳಿದಳು. "ನಂಗೆ ಎಷ್ಟು ಬಂದಿತ್ತು ಮೇಷ್ಟ್ರೇ?" ಹತ್ತೊಂಬತ್ತು ಎಂದ. "ಪಾಸಾಗಾಕೆ ಮೂವತ್ತೈದು, ಅಲ್ದಾ?" ಎಂದಳು, ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಹೆಡ್ಮಾಸ್ಟರು ಕೋಟು ಪೇಟ ಧರಿಸಿ, ಹೊಸ ಕಾಗದ ಹಿಡಿದು ಬಂದರು. ಮಾಸ್ತಪ್ಪನೂ ಹೋದ, ಯಾರೂ ಕರೆಯದಿದ್ದರೂ. ಇಂಥ ದೊಡ್ಡವರು ಕೇರಿಗೆ ಬಂದದ್ದೇ ಮೊದಲು, ಹತ್ತಾರು ಜನ ಅಂಗಳದಲ್ಲಿ ಕೂಡಿದರು. ಗುತ್ಯಪ್ಪ ಕೈಮುಗಿದು ನಿಂತ. ಹೆಡ್ಮಾಸ್ಟರು ಅವನಿಗೆ ಒಳ್ಳೆಯ ಮಾತಿನಲ್ಲೇ ತಿಳಿಸಿದರು. ಹುಡುಗಿ ಗುಣವಂತೆ, ಗಣಿತ ಮಾತ್ರ ಅವಳಿಗೆ ಒಲಿಯುವುದಿಲ್ಲ, ಸುಮ್ಮನೆ ಫೇಲಾಗಿ ನಾಲ್ಕು ಜನರ ಬಾಯಿಗೆ ಬೀಳುವುದು ಯಾಕೆ, ಹೇಗೂ ಗಂಡು ನೋಡಿದ್ದೀರಂತಲ್ಲ.

"ಹೆಡ್ಮಾಸ್ಟ್ರೇ ಮನೆ ತಂಕ ಬಂದು ಹೇಳಿದ್ಮ್ಯಾಲೆ ಇನ್ನೆಂತದು. ಕೊಡ್ರೀ, ನಾನ್ ಒತ್ತೀನಿ" ಎಂದು ಗುತ್ಯಪ್ಪ ಹೆಬ್ಬೆಟ್ಟು ಮುಂದೆ ಮಾಡಿದ. ಮಗಳ ಮದುವೆಯೆಂದರೆ ಅವನಿಗೆ ಹೊರೆ ಇಳಿದಂತೆ.

"ಅವಂದು ನಡೆಯಾದಿಲ್ಲ ಸಾರ್" ಎಂದ ಮಾಸ್ತಪ್ಪ, ಎಲ್ಲರಿಗೂ ಕೇಳುವ ಹಾಗೆ. "ಅಡ್ಮಿಷನ್ ಪುಸ್ತಕದಲ್ಲಿ ಯಾರ್ದಿದೆಯೋ ಅವ್ರದೇ ಬೇಕು ಅಂತ ನೀವೇ ಹೇಳ್ಕೊಟ್ಟಿದ್ದು."

ಪರಮಶಿವಪ್ಪನವರಿಗೆ ಹೌದೆನ್ನದೆ ಗತಿಯಿರಲಿಲ್ಲ. ಮಾಡಬಾರದ್ದನ್ನು ಮಾಡುವಾಗಲೂ ಕಾಯಿದೆ ಪ್ರಕಾರವೇ ಮಾಡುವ ಮನುಷ್ಯ ಅವರು. ಕಾಗದವನ್ನು ಹುಲಿಯಮ್ಮನ ಕಡೆ ತಿರುಗಿಸಿದರು.

ಹುಲಿಯಮ್ಮ ಕೈ ಹಿಂದೆ ಕಟ್ಟಿಕೊಂಡಳು. "ಅದ್ರಲ್ಲಿ ಎಂತ ಬರ್ದಾರೆ, ಓದ್ರೀ."

ಹೆಡ್ಮಾಸ್ಟರು ಇಂಗ್ಲಿಷಿನಲ್ಲಿ ಓದಿದರು.

"ನಮ್ ಮಾತಲ್ಲಿ ಓದ್ರೀ. ಎಲ್ರಿಗೂ ಕೇಳ್ಲಿ."

ಅವರು ಕನ್ನಡಕ್ಕೆ ತಿರುಗಿಸಿ ಓದಿದರು. ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ನನ್ನ ಮಗಳನ್ನು ಶಾಲೆ ಬಿಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

"ನನ್ ಇಚ್ಛೆ ಅಚ್ಚಿನ ಮನೆಯೋರಿಗೆ ಯಾರ್ರೀ ಹೇಳ್ಬಂದೋರು?" ಎಂದಳು ಹುಲಿಯಮ್ಮ. ಅಂಗಳದಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಅವಳು ನಗಲಿಲ್ಲ. "ನನ್ ಇಚ್ಛೆ ಕೇಳ್ರಿ. ಅವ್ಳು ಬರೀಬೇಕು. ಫೇಲಾದ್ರೆ ಫೇಲಾಗ್ತಾಳೆ. ಫೇಲಾಗಾದು ಅವ್ಳು, ನಿಮಗೆಂತದು ಅದರ ಉರಿ?"

"ಫೇಲಾದ್ರ ನನ್ನ ಶಾಲೆ ಹೆಸರು..."

"ನಿಮ್ ಹೆಸ್ರಿಗೆ ನನ್ ಮಗ್ಳು ಬೇಲಿ ಗೂಟನಾ?"

ಗುತ್ಯಪ್ಪ ಹೆಂಡತಿಯ ರಟ್ಟೆ ಹಿಡಿದು ಎಳೆದ. ಅವಳು ಕೊಡವಿಕೊಂಡಳು. ಪರಮಶಿವಪ್ಪನವರು ಕಾಗದ ಮಡಚಿದರು. ಹೋಗುವಾಗ ಮಾಸ್ತಪ್ಪನ ಹತ್ತಿರ ನಿಂತು, "ಆ ಹುಡುಗಿ ಫೇಲಾಗ್ತಾಳೆ. ಆಗ ಈ ಜನರೇ ನಿನ್ನ ಅಟ್ಟಿಸಿಕೊಂಡು ಬರ್ತಾರ, ನೋಡ್ತಿರು" ಎಂದರು. ಹದಿನೈದು ಅರ್ಜಿ ಕಳಿಸಿದರು.

ಆ ಎರಡು ತಿಂಗಳು ಆ ಶಾಲೆಯಲ್ಲಿ ಇಬ್ಬರು ಮೇಷ್ಟ್ರು ಒಬ್ಬರ ಮುಖ ಒಬ್ಬರು ನೋಡದೆ ಪಾಠ ಮಾಡಿದರು. ಮಾಸ್ತಪ್ಪ ದಿನಾ ಶಾಲೆ ಬಿಟ್ಟ ಮೇಲೆ ಬಂಗಾರಮ್ಮನನ್ನು ಜಗುಲಿಯಲ್ಲಿ ಕೂರಿಸಿಕೊಂಡು ಗಣಿತ ಹೇಳಿಕೊಟ್ಟ. ಮೊದಮೊದಲು ಸಮಾಧಾನದಿಂದ ಹೇಳಿದ. ಫೆಬ್ರವರಿ ಮುಗಿಯುತ್ತಿದ್ದಂತೆ ಅವನ ದನಿ ಏರಿತು. ಒಂದು ದಿನ ಅದೇ ತಪ್ಪನ್ನು ಮೂರನೇ ಸಲ ಮಾಡಿದಾಗ ಅವಳ ಕೈಗೆ ರೂಲು ದೊಣ್ಣೆಯಿಂದ ಹೊಡೆದ. ಹೊಡೆದ ಮೇಲೆ ತಲೆಯೆತ್ತಿದರೆ ಹೆಡ್ಮಾಸ್ಟರು ಆಫೀಸಿನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ಒಳಗೆ ಸರಿದರು. ಮರುದಿನದಿಂದ ಮಾಸ್ತಪ್ಪ ರೂಲು ದೊಣ್ಣೆಯನ್ನು ಮನೆಯಲ್ಲೇ ಬಿಟ್ಟು ಬಂದ.

ಪುಸ್ತಕದಿಂದ ಹೆಸರು ಹೋದ ಮೂವರು ಹುಡುಗರ ಮನೆಗಳಿಗೂ ಅವನು ಹೋಗಿ ನಿಜ ಹೇಳಿದ. ಎರಡು ಮನೆಯವರು ಹಣೆಬರಹ ಅಂದರು. ವೀರಮ್ಮ ಎಂಬ ತಾಯಿ ಪೂರ್ತಿ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡಳು. ಅವಳ ಮಗ ಆಗಲೇ ಯಾರದೋ ಮನೆಗೆ ಜೀತಕ್ಕೆ ಸೇರಿಯಾಗಿತ್ತು.

ಪರೀಕ್ಷೆ ಸೊರಬದಲ್ಲಿ ನಡೆಯಿತು. ಫಲಿತಾಂಶ ಮೇ ತಿಂಗಳ ಮೊದಲ ವಾರ ಬಂತು. ಹದಿನೈದರಲ್ಲಿ ಹದಿನಾಲ್ಕು ಪಾಸು, ಒಬ್ಬರು ಫೇಲು. ಬಂಗಾರಮ್ಮನಿಗೆ ಕನ್ನಡದಲ್ಲಿ ಎಪ್ಪತ್ತೊಂದು, ಗಣಿತದಲ್ಲಿ ಮೂವತ್ತೆರಡು.

ಮೂರು ಮಾರ್ಕು. ಮಾಸ್ತಪ್ಪ ಶಾಲೆಯ ಮೆಟ್ಟಿಲ ಮೇಲೆ ಕೂತ. ಪರಮಶಿವಪ್ಪನವರು ಮಾರ್ಕ್ಸ್ ಕಾರ್ಡನ್ನು ಅವನ ತೊಡೆಯ ಮೇಲೆ ಹಾಕಿ, "ತೊಗೊ, ನಿನ್ನ ಗೆಲುವು. ತೊಂಬತ್ತಮೂರು" ಎಂದರು. ಐದು ವರ್ಷದ ತಪಸ್ಸು ಮಣ್ಣುಪಾಲಾಯಿತೆಂದು ಅವರು ನಂಬಿದ್ದರು. ಆಗ ಅವರನ್ನು ಕಂಡರೆ ಮರುಕ ಬರುವಂತಿತ್ತು, ಮಾಸ್ತಪ್ಪನಿಗೆ ಬರಲಿಲ್ಲ.

ತಮಾಷೆ ಇರುವುದು ಮುಂದೆ. ಹದಿನೈದು ದಿನದಲ್ಲಿ ಪರಮಶಿವಪ್ಪನವರಿಗೆ ಶಿಕಾರಿಪುರಕ್ಕೆ ವರ್ಗವಾಯಿತು. ಯಾವ ನೂರನ್ನೂ ಯಾರೂ ಎಣಿಸಿರಲಿಲ್ಲ. ಅಲ್ಲಿ ಒಬ್ಬರು ನಿವೃತ್ತರಾದರು, ಜಾಗ ಖಾಲಿಯಾಯಿತು, ಸರದಿಯಲ್ಲಿ ಇವರ ಹೆಸರಿತ್ತು, ಅಷ್ಟೆ. ಆರ್ಡರು ತಂದ ಗುಮಾಸ್ತೆ ಹಲಗೆ ನೋಡಿ, "ಈ ವರ್ಷ ತೊಂಬತ್ತಮೂರಾ? ಪರವಾಗಿಲ್ಲ ಬಿಡ್ರಿ, ಪ್ರತಿ ವರ್ಷ ನೂರು ಅಂದ್ರೆ ನಮಗೇ ಒಂಥರಾ ಅನುಮಾನ ಬರ್ತಿತ್ತು" ಅಂದನಂತೆ. ಕಿತ್ತ ಕಳೆಯೆಲ್ಲ ಬರೀ ಗೋಡೆಗೆ. ಆದರೂ ಹೆಡ್ಮಾಸ್ಟರು ಹೋಗುವ ಮುಂಚೆ ಕಾಯಿದೆ ಪ್ರಕಾರ ಒಂದು ಕೆಲಸ ಮುಗಿಸಿದರು. ಹಂಗಾಮಿ ಉಪಾಧ್ಯಾಯ ಮಾಸ್ತಪ್ಪನಲ್ಲಿ ಶಿಸ್ತಿಲ್ಲ, ಮುಂದುವರಿಸುವುದು ಬೇಡ ಎಂದು ಬರೆದಿಟ್ಟರು. ಜೂನ್‌ನಿಂದ ಅವನಿಗೆ ಕೆಲಸ ಇಲ್ಲವಾಯಿತು.

ಮಾರ್ಕ್ಸ್ ಕಾರ್ಡು ಕೊಡಲು ಹೋದ ದಿನ ಅವನು ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದ. ಗುತ್ಯಪ್ಪ ಜಗುಲಿಯಲ್ಲಿ ಕೂತು ಎಲೆ ಹಾಕುತ್ತಿದ್ದ. "ಆತಲ್ಲ ಮೇಷ್ಟ್ರೇ, ಚೊಲೊ ಆತು. ಸೋಮವಾರ ಗಂಡಿನೋರು ಬರ್ತಾರೆ" ಎಂದ.

ಬಂಗಾರಮ್ಮ ಕಾರ್ಡನ್ನು ಓದಿದಳು. ಅವಳ ಕಣ್ಣು ತುಂಬಲಿಲ್ಲ. "ಹತ್ತೊಂಬತ್ತಿತ್ತು. ಮೂವತ್ತೆರಡಾತು" ಎಂದಳು. "ಇನ್ನೊಂದು ಸಲ ಬರೀಬೌದಾ ಮೇಷ್ಟ್ರೇ? ಹೆಡ್ಮಾಸ್ಟ್ರು ಸಹಿ ಹಾಕಾದಿಲ್ಲ ಅಲ್ದಾ?"

ಆಗ ಮಾಸ್ತಪ್ಪನಿಗೆ ತಟ್ಟನೆ ತನ್ನ ಮೂರನೆಯ ಸಲ ನೆನಪಾಯಿತು. ಇಷ್ಟು ದಿನ ಅದು ಯಾಕೆ ಹೊಳೆಯಲಿಲ್ಲವೋ. ಪರೀಕ್ಷೆಗೆ ಕೂರದೆ ಶಾಲೆ ಬಿಟ್ಟವನು ಏನೂ ಅಲ್ಲ, ಅವನಿಗೆ ಯಾವ ಬಾಗಿಲೂ ಇಲ್ಲ. ಒಮ್ಮೆ ಕೂತು ಫೇಲಾದವನದು ಹಾಗಲ್ಲ. ಅವನ ಕೈಯಲ್ಲಿ ಸರ್ಕಾರವೇ ಕೊಟ್ಟ ನಂಬರಿದೆ, ಕಾರ್ಡಿದೆ. ಆ ಕಾರ್ಡನ್ನು ಲಗತ್ತಿಸಿ ತಾನೇ ಅರ್ಜಿ ಹಾಕಿ ಎಷ್ಟು ಸಲವಾದರೂ ಪ್ರೈವೇಟಾಗಿ ಬರೆಯಬಹುದು. ಯಾವ ಶಾಲೆಯ ಯಾರ ಸಹಿಯೂ ಬೇಡ. ಅವನು ಮೂರನೇ ಸಲ ಬರೆದದ್ದೇ ಹಾಗೆ, ಆ ಕಡೆಯ ಪ್ರೈವೇಟಿನವರೆಲ್ಲ ಬರೆಯುವ ಶಿಕಾರಿಪುರದ ಸೆಂಟರಿನಲ್ಲಿ.

ಅವನು ಇದನ್ನು ಹೇಳಿ ಮುಗಿಸುವ ಮೊದಲೇ ಹುಲಿಯಮ್ಮ ಗಂಡನ ಕಡೆ ತಿರುಗಿದ್ದಳು. "ಸೋಮವಾರ ಬರೋರಿಗೆ ಇನ್ನೊಂದು ವರ್ಷ ಬಿಟ್ಟು ಬರಾಕೆ ಹೇಳು."

"ಅವ್ರು ಕಾಯಾದಿಲ್ಲ."

"ಕಾಯದಿದ್ರೆ ಬ್ಯಾರೆ ಕಡೆ ನೋಡ್ಕಳ್ಲಿ."

ಆ ಮನೆಯಲ್ಲಿ ಒಂದು ವಾರ ಜಗಳವಾಯಿತು, ಎರಡು ದಿನ ಒಲೆ ಉರಿಯಲಿಲ್ಲ. ಗಂಡಿನವರು ಬೇರೆ ಕಡೆ ನೋಡಿಕೊಂಡರು. ಗುತ್ಯಪ್ಪ ಮಳೆಗಾಲವೆಲ್ಲ ಹೆಂಡತಿಯ ಜೊತೆ ಮಾತು ಬಿಟ್ಟ. ಮಾಸ್ತಪ್ಪ ಶಿಕಾರಿಪುರದ ಒಂದು ಅಕ್ಕಿ ಗಿರಣಿಯಲ್ಲಿ ಚೀಲದ ಮೇಲೆ ನಂಬರು ಬರೆಯುವ ಕೆಲಸಕ್ಕೆ ಸೇರಿದ. ಭಾನುವಾರ ಮೊದಲ ಬಸ್ಸಿಗೆ ಬಂದು ಗಣಿತ ಹೇಳಿಕೊಟ್ಟು ಹೋಗುತ್ತಿದ್ದ. ಹುಲಿಯಮ್ಮ ಅವನನ್ನು ಜಗುಲಿಯಲ್ಲೇ ಕೂರಿಸುತ್ತಿದ್ದಳು. ಒಳಗೆ ಬಾ ಎಂದು ಕರೆದದ್ದು ದೀಪಾವಳಿ ಕಳೆದ ಮೇಲೆ.

ಐವತ್ತೊಂಬತ್ತರ ಮಾರ್ಚಿನ ಪರೀಕ್ಷೆಯಲ್ಲಿ ಬಂಗಾರಮ್ಮ ಪಾಸಾದಳು, ಗಣಿತದಲ್ಲಿ ನಲವತ್ತು, ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಮಾಸ್ತಪ್ಪನ ಮನಸ್ಸಿನಲ್ಲಿ ಉಳಿದದ್ದು ಆ ನಲವತ್ತಲ್ಲ. ಪರೀಕ್ಷೆಯ ಮೊದಲ ದಿನದ ಬೆಳಿಗ್ಗೆ.

ಗಿರಣಿಯಲ್ಲಿ ಅರ್ಧ ದಿನ ರಜೆ ಕೇಳಿಕೊಂಡು ಅವನು ಬಸ್‌ಸ್ಟ್ಯಾಂಡಿಗೆ ಹೋಗಿ ತಾಯಿ ಮಗಳನ್ನು ಸೆಂಟರಿಗೆ ಕರೆತಂದ. ಗೇಟಿನ ಒಳಗೆ ಪ್ರೈವೇಟಿನವರ ಸಾಲು ಬೇರೆ ನಿಂತಿತ್ತು. ಮೀಸೆ ಬಂದವರು, ಮದುವೆಯಾದವರು, ಪೋಸ್ಟ್‌ಮನ್ ಆಗಬೇಕೆಂದವರು. ಹುಡುಗಿ ಇವಳೊಬ್ಬಳೇ. ಪರೀಕ್ಷೆಯ ಹಾಲ್‌ನ ಬಾಗಿಲಲ್ಲಿ ಮೇಜು ಹಾಕಿಕೊಂಡು ಒಬ್ಬೊಬ್ಬರ ಕಾಗದ ನೋಡಿ ಒಳಗೆ ಬಿಡುತ್ತಿದ್ದವರು ಪರಮಶಿವಪ್ಪನವರು. ಅವರು ಈಗ ಶಿಕಾರಿಪುರದ ಹೆಡ್ಮಾಸ್ಟರು, ಆ ವರ್ಷ ಸೆಂಟರಿನ ಮೇಲ್ವಿಚಾರಣೆ ಅವರದೇ.

ಮಾಸ್ತಪ್ಪ ಹುಲಿಯಮ್ಮನ ಜೊತೆ ಬೇಲಿಯ ಹೊರಗೆ ನಿಂತಿದ್ದ, ಹತ್ತು ಮಾರು ದೂರ, ಮಾತು ಕೇಳುತ್ತಿತ್ತು. ಬಂಗಾರಮ್ಮ ಮೇಜಿನ ಎದುರು ಬಂದಳು. ಪರಮಶಿವಪ್ಪನವರು ಹಾಲ್ ಟಿಕೆಟು ನೋಡಿದರು, ಹೆಸರು ನೋಡಿದರು, ಆಮೇಲೆ ಮುಖ ನೋಡಿದರು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು. ಏನೋ ಒಂದು ಕೊರತೆ ಸಿಕ್ಕೀತು ಎಂಬಂತೆ ಮತ್ತೊಮ್ಮೆ ತಿರುಗಿಸಿದರು.

"ಇದಕ್ಕೆ ಹೆಡ್ಮಾಸ್ಟರ್ ಸಹಿ ಎಲ್ಲೈತಿ?"

"ಫೇಲಾದೋರಿಗೆ ಬ್ಯಾಡಂತೆ ಸಾರ್" ಎಂದಳು ಬಂಗಾರಮ್ಮ.

ಹಿಂದೆ ನಿಂತಿದ್ದ ಮೀಸೆಯವನು ಹೌದೆಂದು ತಲೆಯಾಡಿಸಿದ. ಪರಮಶಿವಪ್ಪನವರು ಕಾಯಿದೆ ಬಲ್ಲವರು. ಪಟ್ಟಿಯಲ್ಲಿ ಅವಳ ಹೆಸರಿನ ಎದುರು ಗುರುತು ಹಾಕಿ, ಹಾಲ್ ಟಿಕೆಟನ್ನು ಅವಳ ಕೈಗೆ ಕೊಟ್ಟು, ಮೂರನೇ ಬೆಂಚು ಎಂದು ತೋರಿಸಿದರು. ಅವಳು ಒಳಗೆ ಹೋಗಿ ಕೂತಳು.